ಪಹಣಿಯ ಹನ್ನೆರಡನೇ ಕಾಲಂ

ರೈತರೊಬ್ಬರು ತೀರಿಕೊಂಡ ಮೇಲೆ ಮನೆಯವರ ಮುಂದೆ ಬಂದು ನಿಲ್ಲುವ ಸರ್ಕಾರಿ ಕೆಲಸಗಳಲ್ಲಿ ಮುಖ್ಯವಾದುದು ಪೌತಿ ಖಾತೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್, ಜಮೀನು ಯಾರದು, ಸಾಗುವಳಿ ಯಾರದು ಎಂದು ಹೇಳುವ ಚಾಲ್ತಿ ಪಹಣಿ ಇಷ್ಟನ್ನು ಜೋಡಿಸಿ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ, ಗ್ರಾಮ ಆಡಳಿತ ಅಧಿಕಾರಿಯ ವರದಿ, ನೋಟಿಸು, ತಕರಾರಿಗೆ ಅವಕಾಶ, ರಾಜಸ್ವ ನಿರೀಕ್ಷಕರ ಅನುಮೋದನೆ ಎಂಬ ಕ್ರಮದಲ್ಲಿ ಸಾಗಿ, ಕೊನೆಗೆ ಪಹಣಿಯ ಒಂಬತ್ತನೇ ಕಾಲಂನಿಂದ ತೀರಿಹೋದವರ ಹೆಸರು ಇಳಿದು ಉಳಿದವರ ಹೆಸರು ಏರುತ್ತದೆ. ನಮ್ಮ ಅಪ್ಪ ಎಂಬತ್ತೆರಡನೇ ವಯಸ್ಸಿನಲ್ಲಿ ತೀರಿಕೊಂಡಾಗ ಈ ಕೆಲಸ ನನ್ನ ಪಾಲಿಗೆ ಬಂದಿತು. ಅಣ್ಣನಿಗೆ ಬೆಂಗಳೂರಿನಲ್ಲಿ ಇನ್ನೂ ನೌಕರಿಯಿತ್ತು. ನಾನು ಮೈಸೂರಿನ ಶಾಲೆಯೊಂದರಲ್ಲಿ ಶಿಕ್ಷಕಿಯ ಕೆಲಸ ಮುಗಿಸಿ ಬಿಡುವಾಗಿದ್ದೆ. ಅಪ್ಪನ ಬದುಕನ್ನು ಬರೆದಿಡಬೇಕೆಂಬ ಯೋಚನೆ ಆಗ ನನಗಿರಲಿಲ್ಲ. ಖಾತೆಗಾಗಿ ಕಾಗದಗಳನ್ನು ಒಂದೊಂದಾಗಿ ಓದುತ್ತಾ ಹೋದಾಗ, ಅವುಗಳಲ್ಲಿ ಇದ್ದುದಕ್ಕಿಂತ ಇಲ್ಲದಿದ್ದುದೇ ಹೆಚ್ಚಾಗಿ ಕಾಡಿ ಈ ಬರವಣಿಗೆ ಶುರುವಾಯಿತು.

ನಮ್ಮದು ಮಂಡ್ಯ ಜಿಲ್ಲೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಊರು. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ನೀರು 1930ರ ದಶಕದಲ್ಲಿ ಈ ಕಡೆಗೆ ಹರಿದ ಮೇಲೆ, ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳು ಒಂದೊಂದಾಗಿ ಗದ್ದೆಯಾದವು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು, ಅದಾದ ಎರಡು ವರ್ಷಕ್ಕೆ ಅಪ್ಪ ಹುಟ್ಟಿದರು. ಅಂದರೆ ನೀರು ಬರುವುದಕ್ಕೆ ಮುಂಚಿನ ಊರನ್ನು ಕಾಣದ ಮೊದಲ ತಲೆಮಾರು ಅವರದು. ಆದರೆ ಕೊನೆ ಭಾಗದವರಿಗೆ ನೀರು ಎಂದೂ ಖಾತ್ರಿಯ ಮಾತಾಗಿರಲಿಲ್ಲ. ಮೇಲಿನವರು ತೂಬು ಮುಚ್ಚಿದ ಮೇಲೆ ಉಳಿದದ್ದು ನಮಗೆ ಬರಬೇಕು, ಅದೂ ಹೆಚ್ಚಾಗಿ ರಾತ್ರಿಯ ಹೊತ್ತು.

ಅಪ್ಪನ ಕಾಗದಗಳೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿದ್ದವು. ಕಂದಾಯದ ರಸೀದಿಗಳು ದಾರದಲ್ಲಿ ಪೋಣಿಸಿದಂತೆ ಒಂದು ಕಟ್ಟು, ಕಬ್ಬಿನ ತೂಕದ ಚೀಟಿಗಳು ಇನ್ನೊಂದು ಕಟ್ಟು, ಸೊಸೈಟಿಯ ಪಾಸ್‌ಪುಸ್ತಕಗಳು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಮಡಿಕೆಗಳಲ್ಲಿ ಹರಿದುಹೋಗಿದ್ದ ಭೂ ನ್ಯಾಯಮಂಡಳಿಯ ಆದೇಶ, ಮತ್ತು ಯಾರೂ ಎಸೆಯದೆ ಬಿಟ್ಟಿದ್ದ ಗೋಡೆ ಕ್ಯಾಲೆಂಡರುಗಳ ಸುರುಳಿ. ನಾಲ್ಕನೇ ತರಗತಿಯವರೆಗೆ ಓದಿದ್ದ ಅಪ್ಪನ ಕೈಬರಹ ಎಂದು ಹೇಳಬಹುದಾದದ್ದು ಸಿಕ್ಕಿದ್ದು ಆ ಕ್ಯಾಲೆಂಡರುಗಳಲ್ಲಿ ಮಾತ್ರ. ಮುಂಗಾರಿನ ತಿಂಗಳುಗಳಲ್ಲಿ ತಾರೀಖಿನ ಮನೆಗಳ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದ ಅಂಕಿಗಳಿದ್ದವು. ಅವು ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರದ, ಅಡಿಗಳ ಲೆಕ್ಕದ ನೀರಿನ ಮಟ್ಟ ಎಂದು ತಿಳಿಯಲು ಮಂಡ್ಯದ ಯಾರಿಗೂ ಹೊತ್ತು ಬೇಡ. ಕಟ್ಟೆ ತುಂಬಿದ ದಿನದ ಮನೆಯಲ್ಲಿ 124.80 ಎಂದು ಬರೆದು ಸುತ್ತ ಗೆರೆ ಎಳೆದಿದ್ದರು. ಕೆಲವು ವರ್ಷ ಆ ಗೆರೆಯೇ ಇಲ್ಲ.

ಚಾಲ್ತಿ ಪಹಣಿ ಸಾಲದು, ಜಮೀನು ಹೇಗೆ ಬಂತೆಂಬುದಕ್ಕೆ ಹಳೆಯ ದಾಖಲೆಯೂ ಇದ್ದರೆ ಒಳ್ಳೆಯದು ಎಂದು ತಿಳಿದವರು ಹೇಳಿದ್ದರಿಂದ ಕೈಬರಹದ ಪಹಣಿಗಳ ನಕಲಿಗೂ ಅರ್ಜಿ ಹಾಕಿದೆ. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂತು; ಅದಕ್ಕೂ ಹಿಂದಿನದೆಲ್ಲ ಕಚೇರಿಗಳ ರೆಕಾರ್ಡ್ ರೂಮುಗಳಲ್ಲಿ ಕೈಬರಹದಲ್ಲೇ ಇದೆ. ನಮಗೆ ಸಿಕ್ಕ ಅತ್ಯಂತ ಹಳೆಯ ಹಾಳೆ 1969-70ನೇ ಸಾಲಿನದು. ಅಂಚು ಹುಳ ತಿಂದ ಆ ಹಾಳೆಯ ಒಂಬತ್ತನೇ ಕಾಲಂನಲ್ಲಿ ಜಮೀನ್ದಾರರ ಹೆಸರಿತ್ತು, ಅದು ನಿರೀಕ್ಷಿತ. ಸಾಗುವಳಿದಾರರು ಯಾರು, ಯಾವ ಬೆಳೆ ಎಂಬುದನ್ನು ಬರೆಯುವ ಹನ್ನೆರಡನೇ ಕಾಲಂನಲ್ಲಿ ‘ಸ್ವಂತ’ ಎಂದಿತ್ತು, ಮುಂದೆ ‘ಭತ್ತ’ ಎಂದಿತ್ತು. ಆ ವರ್ಷ ಆ ಭತ್ತವನ್ನು ಬೆಳೆದವರು ತಾತ ಮತ್ತು ಅಪ್ಪ. ಕಣದಲ್ಲೇ ಅರ್ಧ ಅಳೆದು ಜಮೀನ್ದಾರರ ಗಾಡಿಗೆ ಹೇರಿದವರೂ ಅವರೇ. ಅದನ್ನು ಚಿಕ್ಕಪ್ಪನಿಗೆ ತೋರಿಸಿದಾಗ ಅವರು ಕನ್ನಡಕ ಹಾಕಿಕೊಳ್ಳದೆಯೇ ನಕ್ಕರು. “ಸಾಗು ಮಾಡ್ದೋರು ಯಾರು ಅಂತ ಊರ್ಗೆಲ್ಲ ಗೊತ್ತಿತ್ತು ಕನವ್ವ, ಪಾಣಿಗ್ ಮಾತ್ರ ಗೊತ್ತಿರ್ನಿಲ್ಲ” ಎಂದರು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣೆ ತಿದ್ದುಪಡಿಯ ಬಗ್ಗೆ, ಉಳುವವನೇ ಹೊಲದೊಡೆಯ ಎಂಬ ಘೋಷಣೆಯ ಬಗ್ಗೆ, ದೇವರಾಜ ಅರಸು ಅವರ ಬಗ್ಗೆ ನಾನು ಮಕ್ಕಳಿಗೆ ಪಾಠ ಮಾಡಿದ್ದೆ. ಪಾಠದಲ್ಲಿ ಅದು ಒಂದು ಪ್ಯಾರಾ. ನಮ್ಮ ಮನೆಯಲ್ಲಿ ಅದು ನಾಲ್ಕು ವರ್ಷ ನಡೆಯಿತು ಎಂಬುದು ನನಗೆ ಸರಿಯಾಗಿ ತಿಳಿದದ್ದು ಆ ಆದೇಶದ ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಚಿಕ್ಕಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದಾಗ. ತಾತ ಆಗಲೇ ತೀರಿಕೊಂಡಿದ್ದರಿಂದ ಮೂವತ್ತಮೂರು ವರ್ಷದ ಅಪ್ಪ ಗೇಣಿ ಜಮೀನಿನ ಹಕ್ಕು ಕೋರುವ ಅರ್ಜಿಯಾದ ಫಾರಂ ನಂ. 7 ಅನ್ನು ತಮ್ಮ ಹೆಸರಿನಲ್ಲಿ ಹಾಕಿದರು. ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿದಾರನೇ ನಿಂತು ಮಾತಾಡಬೇಕಿತ್ತು. ಆದರೆ ಮಾತಾಡುವುದಕ್ಕೆ ಆಧಾರ ಯಾವುದು? ಪಹಣಿ ‘ಸ್ವಂತ’ ಎನ್ನುತ್ತಿತ್ತು. ವಾರ, ಅಂದರೆ ಬೆಳೆಯ ಪಾಲು, ಕೊಟ್ಟದ್ದಕ್ಕೆ ರಸೀದಿ ಬರೆದುಕೊಡುವ ಪದ್ಧತಿ ಆ ಮನೆತನದಲ್ಲಿರಲಿಲ್ಲ. ಅಕ್ಕಪಕ್ಕದ ಗದ್ದೆಯವರು ಬಂದು ಹೇಳಿಕೆ ಕೊಟ್ಟರೆ ನಡೆಯುತ್ತದೆ ಎಂದರೆ, ಅವರಲ್ಲಿ ಹೆಚ್ಚಿನವರು ಅದೇ ಜಮೀನ್ದಾರರ ಗೇಣಿದಾರರು, ಅರ್ಜಿ ಹಾಕಲು ಹೆದರಿ ಕೂತವರು.

ಆದೇಶದಲ್ಲಿ ಇಬ್ಬರು ಸಾಕ್ಷಿಗಳ ಉಲ್ಲೇಖವಿದೆ. ಒಬ್ಬರು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿ. ಯಾವ ತಾಕಿಗೆ (ಗದ್ದೆಯ ತುಂಡಿಗೆ) ಯಾವ ಸರದಿಯಲ್ಲಿ ಯಾರು ಬಂದು ನೀರು ಕಟ್ಟಿಕೊಳ್ಳುತ್ತಿದ್ದರು ಎಂಬುದನ್ನು ಅವರು ವರ್ಷಗಟ್ಟಲೆ ಕಂಡವರು. ಇನ್ನೊಬ್ಬರು ಕಮ್ಮಾರರು, ನಮ್ಮ ಮನೆಯ ಗುಳ, ಕುಡುಗೋಲು ಮಾಡಿಕೊಟ್ಟು ಅದಕ್ಕೆ ಪ್ರತಿಯಾಗಿ ಆ ಗದ್ದೆಯ ಕಣದಲ್ಲೇ ಭತ್ತ ಅಳೆಸಿಕೊಳ್ಳುತ್ತಿದ್ದವರು. ಇಬ್ಬರಿಗೂ ಸಹಿ ಬಾರದು, ಹೆಬ್ಬೆಟ್ಟು ಒತ್ತಿದ್ದಾರೆ. ಕಾಗದ ಸುಳ್ಳು ಹೇಳಿದ ಕಡೆ ಹೆಬ್ಬೆಟ್ಟಿನವರ ಮಾತು ನಿಂತದ್ದನ್ನು, ಮೂವತ್ತು ವರ್ಷ ಅಕ್ಷರ ಕಲಿಸಿದ ನಾನು ಎರಡು ಸಲ ಓದಿಕೊಂಡೆ. 1978ರಲ್ಲಿ ಅಧಿಭೋಗದ ಹಕ್ಕು, ಅಂದರೆ ಗೇಣಿಗೆ ಉಳುತ್ತಿದ್ದ ಜಮೀನಿನ ಒಡೆತನ, ಅಪ್ಪನಿಗೆ ಮಂಜೂರಾಯಿತು. ಅಣ್ಣತಮ್ಮಂದಿರ ಪಾಲಿನಲ್ಲಿ ಅಪ್ಪನ ಭಾಗಕ್ಕೆ ಎರಡು ಎಕರೆ ಹತ್ತು ಗುಂಟೆ ಗದ್ದೆ ಉಳಿಯಿತು. ಅರ್ಜಿ ಹಾಕಲು ಹೆದರಿದವರಿಗೆ 1979ರ ಜೂನ್ 30ರವರೆಗೆ ಅವಕಾಶವಿತ್ತು. ಅಪ್ಪನ ಆದೇಶ ಬಂದ ಮೇಲೆ ಕೆಲವರು ಹಾಕಿದರು, ಕೆಲವರು ಕೊನೆಗೂ ಹಾಕಲಿಲ್ಲ. ಹಾಕದವರ ಮಕ್ಕಳು ಈಗ ಯಾರೂ ಊರಿನಲ್ಲಿಲ್ಲ.

ಬೇರೆಯವರಿಗೂ ಉಪಯೋಗಕ್ಕೆ ಬಂದೀತೆಂದು ಒಂದು ಮಾತನ್ನು ಇಲ್ಲಿ ಸೇರಿಸುತ್ತೇನೆ. ವಯಸ್ಸಾದ ರೈತರನ್ನು ಮನೆಯ ಜಗುಲಿಯಲ್ಲಿ ಕೂರಿಸಿಕೊಂಡು “ಆ ಇಸವಿಯಲ್ಲಿ ಏನಾಯಿತು” ಎಂದು ಕೇಳಿದರೆ ಹೆಚ್ಚೇನೂ ಸಿಗುವುದಿಲ್ಲ. ಚಿಕ್ಕಪ್ಪ ಮನೆಯಲ್ಲಿ ಎಲ್ಲದಕ್ಕೂ “ಹೂಂ, ಕಷ್ಟ ಇತ್ತು” ಎಂದು ಮುಗಿಸುತ್ತಿದ್ದರು. ಅದೇ ಚಿಕ್ಕಪ್ಪ ಗದ್ದೆಯ ಬದುವಿನ ಮೇಲೆ ನಿಂತರೆ, ಈ ಮೂಲೆಯಲ್ಲಿ ಜೌಗು ಹಿಡಿದದ್ದು, ಆ ಬದುವನ್ನು ಅಪ್ಪ ಒಂದು ಮೊಳ ಒಳಕ್ಕೆ ಸರಿಸಿ ಪಕ್ಕದವನ ಜಗಳ ತಪ್ಪಿಸಿದ್ದು, ಐ.ಆರ್.8 ಭತ್ತವನ್ನು ಮೊದಲ ಸಲ ನಾಟಿ ಹಾಕಿದ್ದು ಯಾವ ತಾಕಿನಲ್ಲಿ ಎಂಬುದೆಲ್ಲ ಒಂದರ ಹಿಂದೆ ಒಂದು ಬರುತ್ತಿತ್ತು. ಕಾಲವನ್ನೂ ಇಸವಿಯಿಂದ ಹಿಡಿಯಬಾರದು. ಕೆಂದೆತ್ತು ಸತ್ತ ವರ್ಷ, ಬೆಂಗಳೂರು ರಸ್ತೆ ಬಂದಾದ ವರ್ಷ ಎಂದು ಹಿಡಿದರೆ ಇಸವಿ ತಾನಾಗಿ ಸಿಗುತ್ತದೆ. ರಸ್ತೆ ಬಂದಾದ ವರ್ಷ ಎಂದರೆ 1991, ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ಬಿಡಲು ಮಧ್ಯಂತರ ಆದೇಶ ಕೊಟ್ಟ ವರ್ಷ.

ಐ.ಆರ್.8 ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ 1966ರಲ್ಲಿ ಹೊರಬಂದ ತಳಿ. ಅದರ ಹಿಂದೆಯೇ 1968ರಲ್ಲಿ ನಮ್ಮ ದೇಶದ ಜಯಾ ಬಂತು. ಅದುವರೆಗೆ ಊರಲ್ಲಿದ್ದದ್ದು ಎತ್ತರಕ್ಕೆ ಬೆಳೆದು ಗಾಳಿಗೆ ಮಲಗುತ್ತಿದ್ದ ರಾಜಮುಡಿ, ರತ್ನಚೂಡಿಯಂಥ ತಳಿಗಳು. ಹೊಸ ಭತ್ತ ಗಿಡ್ಡ, ಗೊಬ್ಬರ ಹಾಕಿದಷ್ಟೂ ಇಳುವರಿ. ಆದರೆ ಅನ್ನ ದಪ್ಪ, ಹುಲ್ಲು ಕಡಿಮೆ. ತಾತನಿಗೆ ಹುಲ್ಲಿನ ಚಿಂತೆ, ಎತ್ತುಗಳು ಏನು ತಿನ್ನಬೇಕು ಎಂದು. ಅಪ್ಪ ಮಾಡಿದ ತೀರ್ಮಾನ ಇಂದಿಗೂ ನನಗೆ ಬುದ್ಧಿವಂತಿಕೆಯದೆನಿಸುತ್ತದೆ: ತೂಬಿಗೆ ಹತ್ತಿರದ ತಾಕುಗಳಿಗೆ ಹೊಸ ತಳಿ ಹಾಕಿ ಅದನ್ನು ಮಾರಾಟಕ್ಕೆ ಇಟ್ಟರು; ನೀರು ತಡವಾಗಿ ತಲುಪುವ ಕೆಳಗಿನ ತಾಕಿನಲ್ಲಿ ರತ್ನಚೂಡಿಯನ್ನೇ ಮುಂದುವರಿಸಿ ಊಟಕ್ಕೂ ಹುಲ್ಲಿಗೂ ಇಟ್ಟುಕೊಂಡರು. ಪಹಣಿಯಲ್ಲಿ ಎರಡಕ್ಕೂ ಒಂದೇ ಪದ, ಭತ್ತ. ನಾಲೆಗೆ ಏರದ ಒಂದೂವರೆ ಎಕರೆ ಹೊಲಕ್ಕೆ 1970ರ ದಶಕದಲ್ಲಿ ಮಂಡ್ಯದ ವಿ.ಸಿ. ಫಾರಂನಿಂದ ಇಂಡಾಫ್ ರಾಗಿಯ ಬಿತ್ತನೆ ತಂದರು. ಅಲ್ಲಿನ ಸಂಶೋಧಕ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ತಂದ ತಳಿ ಅದು. ಹಳ್ಳಿಗಳಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿಡುವಷ್ಟು ಬೆಳೆಯುವಂತಾದದ್ದಕ್ಕೆ ಅವರನ್ನು ನೆನೆಯುವ ಹಿರಿಯರು ಇನ್ನೂ ಇದ್ದಾರೆ.

ಕಬ್ಬಿನ ಬಗ್ಗೆ ಚೀಟಿಗಳೇ ಸಾಕಷ್ಟು ಹೇಳುತ್ತವೆ. ಕೋ 419, ಆಮೇಲೆ ಕೋ 62175, ಕೊನೆಗೆ ಕೋ 86032 ಎಂದು ತಳಿ ಬದಲಾದದ್ದು ಚೀಟಿಗಳಲ್ಲಿ ಕಾಣುತ್ತದೆ. ಕಬ್ಬು ಕಾರ್ಖಾನೆಗೆ ಸೇರಿದ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ತೂಕದ ಚೀಟಿಯ ದಿನಾಂಕವನ್ನೂ ಪಾಸ್‌ಪುಸ್ತಕದ ಜಮೆಯ ದಿನಾಂಕವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಕೆಲವು ವರ್ಷ ನಡುವೆ ದೀಪಾವಳಿಯೂ ಸಂಕ್ರಾಂತಿಯೂ ಯುಗಾದಿಯೂ ಕಳೆದಿವೆ. ಅಂಥ ವರ್ಷದ ಮರುವರ್ಷ ಅಪ್ಪ ಕಬ್ಬನ್ನು ಆಲೆಮನೆಗೆ ಹೊಡೆದಿದ್ದಾರೆ. ಬೆಲೆ ಕಡಿಮೆಯಾದರೂ ದುಡ್ಡು ಕೈಗೆ ಬರುತ್ತಿತ್ತು.

ಹನ್ನೊಂದನೇ ಕಾಲಂ ಋಣಗಳದು. ಅಲ್ಲಿ ಸೊಸೈಟಿಯ ಸಾಲದ ನಮೂದುಗಳು ಬಂದು, ತೀರಿ, ಮತ್ತೆ ಬಂದಿವೆ. 1988ರದು ದೊಡ್ಡದು, ನನ್ನ ಮದುವೆಯ ವರ್ಷದ್ದು. ಅಪ್ಪ ಆಗ ಹತ್ತು ಗುಂಟೆ ಮಾರಬಹುದಿತ್ತಲ್ಲ ಎಂದು ನಾನು ಅಂದುಕೊಂಡದ್ದುಂಟು. ನ್ಯಾಯಮಂಡಳಿಯಿಂದ ಬಂದ ಜಮೀನನ್ನು ಹದಿನೈದು ವರ್ಷ ಪರಭಾರೆ ಮಾಡುವಂತಿಲ್ಲ, ಸಹಕಾರ ಸಂಘಕ್ಕೆ ಅಡಮಾನ ಮಾತ್ರ ಮಾಡಬಹುದು ಎಂಬ ನಿಯಮ ಆದೇಶದ ಜೊತೆಗಿನ ಕಾಗದದಲ್ಲೇ ಇದೆ. ಸೊಸೈಟಿಯ ಹಣ ಸಾಲದೆ ಹೋದುದಕ್ಕೆ ರಾಮ, ಬಸವ ಎಂಬ ಹಳ್ಳಿಕಾರ್ ಜೋಡಿಯನ್ನು ಮಾರಿದರು. ಆ ಎತ್ತುಗಳು ಹಟ್ಟಿಯಲ್ಲಿ ಇಲ್ಲದ್ದನ್ನು ನಾನು ತವರಿಗೆ ಮೊದಲ ಸಲ ಬಂದಾಗ ಕಂಡಿದ್ದೆ, ಕಾರಣ ಯಾರೂ ಹೇಳಿರಲಿಲ್ಲ. ಅಪ್ಪ ಸಾಲದ ಕಂತನ್ನು ಪ್ರತಿ ವರ್ಷ ಮಾರ್ಚ್ ಮುಗಿಯುವುದರೊಳಗೆ ಕಟ್ಟುತ್ತಿದ್ದರು. ಹಾಗಾಗಿ 2008ರಲ್ಲಿ ಕೇಂದ್ರ ಸರ್ಕಾರ ಸಾಲ ಮನ್ನಾ ಮಾಡಿದಾಗ, ಕಂತು ಕಟ್ಟದೆ ಸುಸ್ತಿಯಾಗಿದ್ದ ಚಿಕ್ಕಪ್ಪನ ಸಾಲ ಮನ್ನಾ ಆಯಿತು, ಅಪ್ಪನಿಗೆ ಏನೂ ಸಿಗಲಿಲ್ಲ. ಚಿಕ್ಕಪ್ಪ ಇದನ್ನು ಇಂದಿಗೂ ನಗುತ್ತಲೇ ಹೇಳುತ್ತಾರೆ. ಅಪ್ಪ ಆಗ ನಕ್ಕಿರಲಿಲ್ಲ ಎಂದು ಅವ್ವ ಹೇಳುತ್ತಾರೆ.

ಅವ್ವನ ಮಾತು ತೆಗೆದರೆ ಈ ಬರವಣಿಗೆಯಲ್ಲಿ ಉಳಿಯುವುದು ಕಾಗದದ ಲೆಕ್ಕವಷ್ಟೇ. ಪಹಣಿಗೆ ಗೊತ್ತಿರುವುದು ಒಂದು ಸರ್ವೆ ನಂಬರು, ಒಂದು ಹಿಸ್ಸೆ. ಅವ್ವನಿಗೆ ಅದು ಏಳು ತಾಕು: ಹುಣಸೆಮರದ ತಾಕು, ಗುಂಡಿ ಗದ್ದೆ, ತೂಬಿನ ಬಾಯಿ, ಉದ್ದನೆಯದು, ಮೂಲೆ ತಾಕು, ಒಟ್ಟಲು ಪಾತಿ, ಕಲ್ಲು ಗದ್ದೆ. ಒಂದು ಬಿಳಿ ಹಾಳೆಯ ಮೇಲೆ ಅವನ್ನು ಬಿಡಿಸಲು ಕೂತಾಗ ಅವ್ವ ಪೆನ್ನು ಹಿಡಿಯಲಿಲ್ಲ. ತಟ್ಟೆಯಲ್ಲಿ ಅಕ್ಕಿ ಹರಡಿ, ಬೆರಳಿನಿಂದ ಬದು ಎಳೆದು ತೋರಿಸಿದರು. ಯಾವ ತಾಕಿಗೆ ಎಷ್ಟು ಕಂತೆ ಪೈರು ಬೇಕು, ನಾಟಿಗೆ ಎಷ್ಟು ಆಳು ಇಳಿದರೆ ಸಂಜೆಯೊಳಗೆ ಮುಗಿಯುತ್ತದೆ, ಯಾವುದರಲ್ಲಿ ಮೊಣಕಾಲುದ್ದ ಹೂಳುತ್ತದೆ ಎಂಬುದೆಲ್ಲ ಅವರಿಗೆ ನೆನಪಿತ್ತು. ಅಪ್ಪ ಉತ್ತರು, ನೀರು ಕಟ್ಟಿದರು, ಗೊಬ್ಬರ ಎರಚಿದರು. ಪೈರು ಕಿತ್ತದ್ದು, ನಾಟಿ ಹಾಕಿದ್ದು, ಕಳೆ ತೆಗೆದದ್ದು, ಕೊಯ್ದದ್ದು, ತೂರಿದ್ದು ಅವ್ವ ಮತ್ತು ಅವರ ಜೊತೆಯ ಹೆಂಗಸರು. 1969ರಿಂದ ಈಚಿನ ಯಾವ ಪಹಣಿಯ ಯಾವ ಕಾಲಂನಲ್ಲೂ ಅವರ ಹೆಸರಿಲ್ಲ. ರಾತ್ರಿಯ ಸರದಿಗೆ ಅಪ್ಪನಿಗೆ ಜ್ವರ ಬಂದಾಗ ಲಾಟೀನು ಹಿಡಿದು ಹೋಗಿ ತೂಬಿನ ಮೇಲೆ ಕೂತದ್ದನ್ನೂ ಅವರು ಈಗಷ್ಟೇ ಹೇಳಿದ್ದು, ಅದೂ ಬೇರೇನೋ ಕೇಳಿದಾಗ.

ಅಪ್ಪ ಬೇಸಾಯ ಬಿಟ್ಟದ್ದು 2016ರಲ್ಲಿ, ಎಪ್ಪತ್ತೈದನೇ ವಯಸ್ಸಿನಲ್ಲಿ. ಮಂಡಿ ನೋವು ಮೊದಲಿನಿಂದ ಇತ್ತು. ಆ ವರ್ಷ ಮಳೆ ಕೈಕೊಟ್ಟು, ಕಾವೇರಿಯ ನೀರನ್ನು ಕುಡಿಯುವುದಕ್ಕೆ ಮಾತ್ರ ಬಳಸಬೇಕೆಂದು ಸೆಪ್ಟೆಂಬರಿನಲ್ಲಿ ವಿಧಾನಮಂಡಲವೇ ನಿರ್ಣಯ ಮಾಡಿದ ಮೇಲೆ, ನಿಂತ ಪೈರು ಒಣಗಿತು. ಮಾರನೇ ವರ್ಷ ಅವರು ಏರು ಕಟ್ಟಲಿಲ್ಲ. ಚಿಕ್ಕಪ್ಪನ ಮಗನನ್ನು ಕರೆದು, “ನೀನೇ ಮಾಡ್ಕೊ, ಮನೆಗೆ ಊಟಕ್ಕಾಗೋಷ್ಟು ಕೊಡು” ಎಂದರು. ಅದಕ್ಕೊಂದು ಕಾಗದವನ್ನು ಮಾತ್ರ ಮಾಡಿಸಲಿಲ್ಲ. 1974ರ ಕಾಯ್ದೆಯ ನಂತರ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೇ ಅವಕಾಶವಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆಮೇಲಿನ ಏಳು ವರ್ಷದ ಪಹಣಿಗಳನ್ನು ತೆಗೆಸಿದಾಗ, ಒಂಬತ್ತನೇ ಕಾಲಂನಲ್ಲಿ ಅಪ್ಪನ ಹೆಸರು, ಹನ್ನೆರಡನೆಯದರಲ್ಲಿ ‘ಸ್ವಂತ’. ಜಮೀನ್ದಾರರ ಪಹಣಿಯಲ್ಲಿದ್ದ ಅದೇ ಪದ. ಅಪ್ಪ ಅರ್ಧ ಅಳೆಸಿಕೊಳ್ಳಲಿಲ್ಲ, ಯಾರನ್ನೂ ಹೆದರಿಸಲಿಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ ಎಂದು ನನಗೂ ಗೊತ್ತು. ಆದರೆ ಗದ್ದೆಗೆ ಇಳಿದವನ ಹೆಸರು ಕಾಗದದಲ್ಲಿ ಇಲ್ಲದಿರುವುದು ಎರಡೂ ಕಡೆ ನಿಜ. ಅಪ್ಪನಿಗೂ ಅದು ಚುಚ್ಚಿದ್ದಿರಬೇಕು. ಬೆಳೆ ಸಮೀಕ್ಷೆಗೆ ಮೊಬೈಲು ಹಿಡಿದು ಬಂದ ಹುಡುಗನಿಗೆ, “ಫೋಟೋದಲ್ಲಿ ನನ್ನ ನಿಲ್ಲಿಸ್ಬ್ಯಾಡ, ಬೆಳ್ದೋನು ಅವ್ನು” ಎಂದು ತಮ್ಮನ ಮಗನನ್ನು ಮುಂದೆ ದೂಡಿದ್ದರಂತೆ.

ಖಾತೆಯ ಕೆಲಸ ದೊಡ್ಡ ತೊಡಕಿಲ್ಲದೆ ಮುಗಿಯಿತು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಲೇಬೇಕು. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂಬುದನ್ನು ಊರಿನಲ್ಲಿ ಎಲ್ಲರೂ ಬಲ್ಲರು, ಆದರೂ ಹಕ್ಕು ಬಿಡುಗಡೆಗೆ ಸಹಿ ಹಾಕುವ ಮಗಳನ್ನೇ ಒಳ್ಳೆಯ ಮಗಳು ಎನ್ನುವ ರೂಢಿ ಹೋಗಿಲ್ಲ. ನಾನು ಸಹಿ ಹಾಕಲಿಲ್ಲ, ಅಣ್ಣನೂ ಕೇಳಲಿಲ್ಲ. ಈಗ ಒಂಬತ್ತನೇ ಕಾಲಂನಲ್ಲಿ ಅವ್ವ, ಅಣ್ಣ, ನಾನು ಮೂವರೂ ಜಂಟಿಯಾಗಿದ್ದೇವೆ. ಅರ್ಧ ಶತಮಾನ ಆ ಕೆಸರಿನಲ್ಲಿ ನಿಂತ ಅವ್ವನ ಹೆಸರು ಪಹಣಿಗೆ ಬಂದದ್ದು ವಿಧವೆಯಾಗಿ.

ಬರೆದದ್ದು ನಲವತ್ತು ಪುಟದಷ್ಟಾದ ಮೇಲೆ ಅವ್ವನಿಗೆ ಓದಿ ಹೇಳಿದೆ. ಬಹಳಷ್ಟನ್ನು ಕೇಳಿ ಸುಮ್ಮನಿದ್ದವರು ನನ್ನ ಮದುವೆಯ ಭಾಗ ಬಂದಾಗ ತಡೆದರು. “ಅದ್ನ್ಯಾಕ್ ಬರ್ದೆ ಮಗ? ನಿನ್ನತ್ತೆ ಮನೆಯೋರು ಓದುದ್ರೆ ಏನಂದ್ಕಂಡಾರು? ದುಡ್ಡಿನ್ ಲೆಕ್ಕ ತಗ್ದಾಕು. ಎತ್ತಿನ್ ಹೆಸ್ರು ಇರ್ಲಿ.” ಮೊತ್ತವನ್ನು ತೆಗೆದೆ. ಅಣ್ಣನ ಆಕ್ಷೇಪ ಬೇರೆ ಕಡೆಗಿತ್ತು. ಚಿಕ್ಕಪ್ಪನ ಮಗ ಉಳುತ್ತಿರುವ ವಿಷಯವನ್ನು ಬರಹದಲ್ಲಿಡುವುದು ಬೇಡ, ನಾಳೆ ಅದು ಯಾರ ಕೈಗೆ ಸಿಕ್ಕಿ ಏನಾಗುತ್ತದೋ, ಅವನಿಗೂ ತೊಂದರೆ ನಮಗೂ ತೊಂದರೆ ಎಂದ. ಅವನ ಮಾತಿನಲ್ಲಿ ಹುರುಳಿಲ್ಲದಿಲ್ಲ. ಇಲ್ಲಿ ಊರಿನ ಹೆಸರನ್ನಾಗಲಿ ಮನೆಯವರ ಹೆಸರನ್ನಾಗಲಿ ನಾನು ಬರೆಯದಿರುವುದು ಅದೇ ಕಾರಣಕ್ಕೆ. ಆದರೆ 1969ರ ‘ಸ್ವಂತ’ದ ಬಗ್ಗೆ ಎರಡು ಪುಟ ಬರೆದು 2017ರ ‘ಸ್ವಂತ’ದ ಬಗ್ಗೆ ಬಾಯಿ ಮುಚ್ಚಿಕೊಳ್ಳಲು ನನ್ನಿಂದಾಗಲಿಲ್ಲ. ಸದ್ಯಕ್ಕೆ ಅಣ್ಣನ ಪ್ರತಿಯಲ್ಲಿ ಆ ಪುಟಗಳಿಲ್ಲ. ಅವ್ವನ ಪ್ರತಿಯಲ್ಲೂ ನನ್ನ ಪ್ರತಿಯಲ್ಲೂ ಚಿಕ್ಕಪ್ಪನ ಮಗನಿಗೆ ಕೊಟ್ಟ ಪ್ರತಿಯಲ್ಲೂ ಇವೆ.